ಏರಿಯ ಕೆಳಗೆ ನಡೆಸಿದ ಪಾಪಮ್ಮ

ಎಂಜಿನಿಯರಿಂಗ್ ಮುಗಿಸಿ ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ. ಕ್ಯಾಸಂಬಳ್ಳಿ ಹತ್ತಿರದ ಹಳ್ಳಿಯೊಂದರಲ್ಲಿ ಕೆರೆ ದುರಸ್ತಿ ಮಾಡಿ ಕುಡಿಯುವ ನೀರು ಕೊಡುವ ಯೋಜನೆಗೆ ನಕ್ಷೆ ತಯಾರಿಸುವ ಕೆಲಸ ನನ್ನ ಪಾಲಿಗೆ ಬಂತು. ಕೆರೆ ಏರಿಯ ಕೆಳಗಿನ ಸಮತಟ್ಟು ಜಾಗದಲ್ಲಿ ಪಂಪ್‌ಹೌಸ್, ಅದರ ಪಕ್ಕ ಹೊಸ ಅಂಗನವಾಡಿ ಎಂದು ಗುರುತು ಹಾಕಿ, ಊರವರ ಸಭೆಯಲ್ಲಿ ಹೆಮ್ಮೆಯಿಂದ ತೋರಿಸಿದೆ.

ಎಲ್ಲರೂ ತಲೆಯಾಡಿಸಿದರು. ಹಿಂದೆ ಕೂತಿದ್ದ ಪಾಪಮ್ಮ ಎಂಬ ವಯಸ್ಸಾದ ಕೂಲಿ ಹೆಂಗಸು ಮಾತ್ರ, “ಏರಿ ಒಡದ್ರೆ ಏನ್ ಮಾಡ್ತೀರ ಮೇಡಂ?” ಎಂದರು.

“ಒಡೆಯಲ್ಲ ಅಜ್ಜಿ, ಗಟ್ಟಿಯಾಗೇ ಕಟ್ತೀವಿ.”

“ನಮ್ಮಪ್ಪನ ಕಾಲ್ದೋರೂ ಅಂಗೇ ಅಂದಿದ್ರು. ಬನ್ನಿ, ತೋರಿಸ್ತೀನಿ.”

ಬಿಸಿಲಲ್ಲೇ ನನ್ನನ್ನು ಏರಿಯ ಕೆಳಗೆ ನಡೆಸಿಕೊಂಡು ಹೋದರು. ತಾವು ಚಿಕ್ಕವರಿದ್ದಾಗ ಏರಿ ಒಡೆದು ನೀರು ನುಗ್ಗಿದ ದಾರಿಯನ್ನು ತೋರಿಸುತ್ತಾ ಬಂದು, ಹುಣಸೆಮರದ ಬಳಿ ನಿಂತರು. ಎದೆಮಟ್ಟಕ್ಕೆ ಕೈ ಹಿಡಿದು, “ಇಷ್ಟು ಬಂತು ನೀರು. ನನ್ ತಂಗಿ ಸಿಗ್ಲೇ ಇಲ್ಲ,” ಎಂದರು. ನಾನು ಅಂಗನವಾಡಿಗೆ ಗುರುತು ಹಾಕಿದ್ದು ಅದೇ ಜಾಗದಲ್ಲಿ.

ನನಗೆ ನಾಚಿಕೆಯಾಯಿತು. ಏರಿ ಎಷ್ಟು ನೀರು ತಡೆಯುತ್ತದೆ ಎಂದು ಲೆಕ್ಕ ಹಾಕಿದ್ದೆ. ತಡೆಯದೆ ಹೋದರೆ ಆ ನೀರು ಯಾರ ಮೇಲೆ ಹರಿಯುತ್ತದೆ ಎಂದು ಯೋಚಿಸಿಯೇ ಇರಲಿಲ್ಲ. ನಕ್ಷೆಯನ್ನು ಹೊಸದಾಗಿ ಬರೆದೆ. ಅಂಗನವಾಡಿ, ಪಂಪ್‌ಹೌಸ್ ಎರಡನ್ನೂ ದಿಬ್ಬದ ಮೇಲಕ್ಕೆ ಒಯ್ದೆ. ಪೈಪು ಉದ್ದವಾಯಿತೆಂದು ಮೇಲಧಿಕಾರಿ ಗೊಣಗಿದರು. ಅವರನ್ನೂ ಪಾಪಮ್ಮನ ಹತ್ತಿರ ಕರೆದುಕೊಂಡು ಹೋದೆ. ಪಾಪಮ್ಮನ ಜೊತೆ ಹುಣಸೆಮರದವರೆಗೆ ನಡೆದು ಬಂದವರು ಹೊಸ ನಕ್ಷೆಗೆ ಸಹಿ ಹಾಕಿದರು.

ಕೆಲಸ ಮುಗಿದು ಮೂರು ವರ್ಷದ ಮೇಲೆ ಒಂದು ವಾರ ಬಿಡದೆ ಮಳೆ ಹಿಡಿಯಿತು. ನಾನು ಗಟ್ಟಿ ಎಂದಿದ್ದ ಏರಿ ಒಂದು ಬೆಳಿಗ್ಗೆ ಕುಸಿಯಿತು. ಸುದ್ದಿ ಕೇಳಿ ಆಂಡರ್ಸನ್‌ಪೇಟೆಯ ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಊರಿಗೆ ಧಾವಿಸಿದೆ. ಹುಣಸೆಮರದ ಸುತ್ತ ಕೆಂಪು ನೀರು ಭೋರ್ಗರೆಯುತ್ತಿತ್ತು. ದಿಬ್ಬದ ಮೇಲೆ ಅಂಗನವಾಡಿಯ ಕಿಟಕಿಗೆ ಮುಖ ಒತ್ತಿಕೊಂಡು ಮಕ್ಕಳು ಅದನ್ನೇ ನೋಡುತ್ತಿದ್ದರು. ಒಳಗೆ ಉಪ್ಪಿಟ್ಟು ಬೇಯುವ ವಾಸನೆ. ಬಾಗಿಲಲ್ಲಿ ಪಾಪಮ್ಮ ಕೂತಿದ್ದರು.

“ಎಲ್ಡು ಸಲ ಎಣಿಸ್ದೆ ಮೇಡಂ,” ಎಂದರು. “ಎಲ್ಲಾ ಮಕ್ಳೂ ಅವ್ರೆ.”

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ನಾಲ್ಕಾರು ರಾಗಿ ಹೊಲ ಕೊಚ್ಚಿಹೋಗಿದ್ದವು. ಯಾರ ಜೀವಕ್ಕೂ ಏನೂ ಆಗಲಿಲ್ಲ. ದಿಬ್ಬದ ಮೇಲಿನ ಪಂಪ್‌ಹೌಸ್ ಉಳಿದಿದ್ದರಿಂದ, ಕೆರೆಯ ತಳದಲ್ಲಿ ನಿಂತಿದ್ದ ನೀರನ್ನೇ ಎತ್ತಿ ಮರುದಿನವೇ ಊರಿನ ನಲ್ಲಿಗಳಿಗೆ ಬಿಟ್ಟರು. ಈಗ ಯಾವ ಕೆರೆಯ ಕೆಲಸ ಬಂದರೂ, ಆ ಊರಿನ ಹಿರಿಯರೊಬ್ಬರನ್ನು ಕರೆದುಕೊಂಡು ಮೊದಲು ಏರಿಯ ಕೆಳಗೆ ನಡೆದು ಬರುತ್ತೇನೆ. ನಕ್ಷೆ ಬರೆಯುವುದೇನಿದ್ದರೂ ಆಮೇಲೆ.