ಖಾಲಿ ದೋಣಿಗೆ ಇಟ್ಟ ಕುಂಕುಮ

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾವು ಅಮೆರಿಕದ ಮೆಟುಚೆನ್‌ನಲ್ಲಿ ಡೆನ್ಮಾರ್ಕಿನ ಅಜ್ಜಿಯೊಬ್ಬರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಕೆಳಗೆ, ಅವರ ಊಟದ ಮೇಜಿನ ಎದುರು ಗೋಡೆಯಲ್ಲಿ ಒಂದು ಮರದ ಫಲಕ: ನೀಲಿ ಬಣ್ಣ, ಮೂರು ಬಿಳಿ ಅಲೆ, ಅಲೆಗಳ ಮೇಲೆ ಬಣ್ಣ ಹಚ್ಚದೆ ಬಿಟ್ಟ ದೋಣಿ. ಅದು ಅವರ ಹುಟ್ಟೂರಿನ ಪುರಸಭೆಯ ಲಾಂಛನ. ಪುರಸಭೆ ಎಂದರೆ ನನಗೆ ನೆನಪಾಗುವುದು ನೀರು ಬಾರದ ನಲ್ಲಿ. ಅದರ ಲಾಂಛನವನ್ನು ದಿನಾ ಒರೆಸುವವರನ್ನು ನಾನು ಕಂಡದ್ದು ಅಲ್ಲಿಯೇ.

ಅದರ ಕಥೆ ಅವರೇ ಹೇಳಿದ್ದರು. ಹಿಂದೆಂದೋ ಬಿರುಗಾಳಿಯಲ್ಲಿ ಮೀನು ಹಿಡಿಯಲು ಹೋದ ದೋಣಿ ಜನರಿಲ್ಲದೆ ತಾನೊಂದೇ ದಡಕ್ಕೆ ಬಂತಂತೆ. ಊರವರು ಅದನ್ನೇ ಊರಿನ ಮುದ್ರೆ ಮಾಡಿಕೊಂಡರಂತೆ. "ಅದರಲ್ಲಿ ಯಾರನ್ನೂ ಬಿಡಿಸುವುದಿಲ್ಲ. ಕಡಲಿಗೆ ಹೋದವರು ವಾಪಸ್ ಬಂದರೆ ಕೂರಲು ಜಾಗ ಇರಬೇಕಲ್ಲ," ಎಂದರು. ಹಡಗಿನ ಕೆಲಸದಲ್ಲಿದ್ದ ಅವರ ಒಬ್ಬನೇ ಮಗ ಕಡಲಿಗೆ ಬಿದ್ದಿದ್ದ. ದೇಹ ಸಿಕ್ಕಿರಲಿಲ್ಲ.

ಒಂದು ಅಕ್ಟೋಬರಿನಲ್ಲಿ ಅವರು ಮನೆಯ ಕೀಲಿ ನನ್ನ ಕೈಗೆ ಕೊಟ್ಟು ಆಸ್ಪತ್ರೆ ಸೇರಿದರು. ಆಯುಧಪೂಜೆಯ ದಿನ ನಮ್ಮ ಹಳೇ ಕಾರಿಗೆ, ಹೊಲಿಗೆ ಮಷೀನಿಗೆ, ಅವರ ಹುಲ್ಲು ಕತ್ತರಿಸುವ ಮಷೀನಿಗೂ ಕುಂಕುಮ ಇಟ್ಟೆ. ಒದ್ದೆ ಬೆರಳಲ್ಲೇ ಒಳಗೆ ಬಂದವಳು, ದೋಣಿಯೂ ವಾಹನವೇ ತಾನೆ ಎಂದು ಅದಕ್ಕೂ ಒಂದು ಬೊಟ್ಟಿಟ್ಟೆ. ಬಣ್ಣ ಕಾಣದ ಮರ ಕೆಂಪನ್ನು ಹೀರಿಕೊಂಡಿತು. ಎಷ್ಟು ಉಜ್ಜಿದರೂ ಹೋಗಲಿಲ್ಲ.

"ಅವರ ವಸ್ತು ಕಣೇ ಅದು! ಪುಣ್ಯಾತ್ಗಿತ್ತಿ, ಇನ್ನು ಬೇರೆ ಅಪಾರ್ಟ್‌ಮೆಂಟ್ ಹುಡುಕ್ಬೇಕು ಅಷ್ಟೆ," ಎಂದು ನನ್ನ ಗಂಡ ತಲೆ ಚಚ್ಚಿಕೊಂಡರು. ನನಗೆ ಮನೆಯ ಚಿಂತೆ ಇರಲಿಲ್ಲ. ಸತ್ತವನ ಜಾಗಕ್ಕೆ ಕೈ ಹಾಕಿದೆನಲ್ಲ ಎಂಬುದೇ ಚಿಂತೆ.

ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅಜ್ಜಿ ಕೋಟು ಕೂಡ ತೆಗೆಯದೆ ಗೋಡೆಯ ಮುಂದೆ ನಿಂತರು. ಕೆಂಪು ಬೊಟ್ಟನ್ನು ಬೆರಳಿಂದ ಮುಟ್ಟಿದರು.

"ಯಾವಾಗ ಬಂದ?" ಎಂದು ಕೇಳಿದರು.

ನಿಜ ಹೇಳಬೇಕಿತ್ತು. "ನೀವು ಇಲ್ಲದಾಗ," ಎಂದುಬಿಟ್ಟೆ.

ಅಂದಿನಿಂದ ಅವರ ಮೇಜಿನ ಮೇಲೆ ಎರಡು ತಟ್ಟೆ. ಮಧ್ಯಾಹ್ನ ಕೆಳಗೆ ಅವರು ತಮ್ಮ ಭಾಷೆಯಲ್ಲಿ ಮಾತಾಡುವುದು ಕೇಳುತ್ತಿತ್ತು. ನಡುವೆ ನಿಲ್ಲಿಸಿ, ಉತ್ತರ ಕೇಳಿಸಿಕೊಂಡವರ ಹಾಗೆ ನಗುತ್ತಿದ್ದರು. ಮೆಟ್ಟಿಲಿಳಿಯಲು ನನಗೆ ಹೆದರಿಕೆಯಾಗುತ್ತಿತ್ತು.

ಎರಡು ವರ್ಷದ ನಂತರ ಅವರು ತೀರಿಕೊಂಡರು. ಫಲಕವನ್ನು ನನಗೇ ಬಿಟ್ಟುಹೋಗಿದ್ದರು. ವರ್ಷ ಕಳೆಯುವಷ್ಟರಲ್ಲಿ ಅದರ ಕೆಂಪು ಮಾಸಿ ಕಂದಾಗುತ್ತದೆ. ಪ್ರತಿ ಆಯುಧಪೂಜೆಗೂ ಅದರ ಮುಂದೆ ನಿಂತು, ಈ ಸಲ ಹಚ್ಚಬಾರದು ಎಂದುಕೊಳ್ಳುತ್ತೇನೆ. ಆದರೆ ಅವನನ್ನು ಕೂರಿಸಿದವಳು ನಾನು. ಎಬ್ಬಿಸುವ ಧೈರ್ಯ ನನಗಿಲ್ಲ. ಬೆರಳನ್ನು ಕುಂಕುಮದಲ್ಲಿ ಅದ್ದಿ, ಈಗ ಎರಡು ಬೊಟ್ಟು ಇಡುತ್ತೇನೆ.