ಸದ್ದಿಲ್ಲದ ಮೋಟಾರು

ಹೊಲಿಗೆ ಕಾರ್ಖಾನೆಯ ಮೆಕ್ಯಾನಿಕ್ಕಿಗೆ ಆಯಾಸ ಎನ್ನುವುದು ರಕ್ತದಲ್ಲೇ ಸೇರಿಹೋಗಿತ್ತು. ನೂರಾ ನಲವತ್ತು ಯಂತ್ರಗಳಿಗೆ ಅವನೊಬ್ಬನೇ ರಿಪೇರಿಯವನು. ಒಂದರ ಸೂಜಿ ಸರಿಮಾಡಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಇನ್ನೊಂದು ದಾರ ಕಡಿಯುತ್ತಿತ್ತು. ಹೀಗೆ ಬಗ್ಗಿ ಬಗ್ಗಿ ಇಪ್ಪತ್ತೆಂಟು ವರ್ಷಗಳಲ್ಲಿ ಅವನ ಎತ್ತರ ಒಂದು ಗೇಣು ಕಡಿಮೆಯಾಗಿತ್ತು. ಮದುವೆಯ ಫೋಟೋದಲ್ಲಿ ಹೆಂಡತಿಯ ತಲೆಗಿಂತ ಮೇಲಿದ್ದ ಅವನ ಕಿವಿ ಈಗ ಸರಿಯಾಗಿ ಅವಳ ಬಾಯಿಯ ಹತ್ತಿರ ಬಂದು ನಿಂತಿತ್ತು. ಆ ಅನುಕೂಲವನ್ನು ಅವಳು ಚೆನ್ನಾಗಿಯೇ ಬಳಸಿಕೊಳ್ಳುತ್ತಿದ್ದಳು.

"ದಿನಾ ರಿಪೇರಿ ಮಾಡಿ ಸುಸ್ತಾಗಿ ಬರ್ತೀರಿ, ಮನೇಲೂ ಅದೇ ರಿಪೇರಿ. ನಾನೂ ಒಂದಿನ ಕೆಟ್ಟು ನಿಂತ್ರೆ ಆಗ ನನ್ನ ಕಡೆ ನೋಡ್ತೀರೇನೋ!"

ಮನೆಯ ರಿಪೇರಿ ಎಂದರೆ ಮಂಚದ ಅರ್ಧ ಜಾಗ ಹಿಡಿದು ಮಲಗಿದ್ದ ವಿಮಾನ. ರಿಮೋಟಿನಲ್ಲಿ ಹಾರಿಸುವಂಥದ್ದು, ರೆಕ್ಕೆ ಆಳುದ್ದ. ಮೂರು ವರ್ಷದ ಹಿಂದೆ ಅದನ್ನು ಹಿಂದಿನ ಬೀದಿಯ ನಿವೃತ್ತ ಬಸ್ ಡ್ರೈವರ್ ಮಾರಿದ್ದರು. ಕಣ್ಣಿನ ನರ ಸೋಲುತ್ತ ಬಂದು, ಇನ್ನು ಹಾರಿಸುವುದು ತಮ್ಮಿಂದಾಗದು ಎಂದು ಖಾತ್ರಿಯಾದಾಗ ಅವರು ಹಾಕಿದ್ದು ಒಂದೇ ಷರತ್ತು: "ಮೊದಲ ಸಲ ಹಾರಿಸೋವಾಗ ನನ್ನ ಕರೀಬೇಕು. ಅಷ್ಟೇ."

ಆ ಮೊದಲ ಸಲ ಬರಲೇ ಇಲ್ಲ. ಹಾರಿಸಲು ಬಾರದೆ ಅಲ್ಲ. ಚಿಕ್ಕ ಥರ್ಮೋಕೋಲ್ ವಿಮಾನದಲ್ಲಿ ಕಲಿತಿದ್ದ. ಆದರೆ ಇದು ಇನ್ನೂ ಸ್ವಲ್ಪ ಸರಿಯಾಗಲಿ ಎಂಬ ಆಸೆ. ರೆಕ್ಕೆಯ ಹಾಳೆ ಬದಲಾಯಿಸಿದ. ಬಾಲ ಆಡಿಸುವ ಪುಟ್ಟ ಮೋಟಾರುಗಳನ್ನು ಬದಲಾಯಿಸಿದ. ಗಾಳಿಗೆ ತಾನಾಗಿ ಸಮ ನಿಲ್ಲಿಸುವ ಯಂತ್ರವೊಂದನ್ನು ಹೊಟ್ಟೆಗೆ ತುರುಕಿದ. ಕೊನೆಗೆ ಹೊಗೆ ಕಾರಿ ಎಣ್ಣೆ ಉಗುಳುವ ಹಳೆಯ ಎಂಜಿನ್ ಕಿತ್ತು, ಬ್ಯಾಟರಿ ಮೋಟಾರು ಕೂರಿಸಿದ. ಆಮೇಲೆ ಮೂತಿ ಹಗುರವಾಯಿತೆಂದು ಸೀಸ ಅಂಟಿಸಿದ, ಸೀಸದ ಭಾರಕ್ಕೆ ಗಾಲಿಯ ಕಡ್ಡಿ ಬಾಗಿತು, ಕಡ್ಡಿ ದಪ್ಪ ಮಾಡಿದರೆ ಬಾಲ ಮೇಲೆದ್ದಿತು. ಇಷ್ಟು ಹೊತ್ತಿಗೆ ನಿಜವಾದ ವಿಮಾನ ನಿಲ್ದಾಣವೊಂದನ್ನೇ ಕಟ್ಟಿ ಸುಣ್ಣ ಬಳಿಯಬಹುದಿತ್ತು.

ಗುರುವಾರ ಸಂಜೆ ಸುದ್ದಿ ಬಂತು: ಡ್ರೈವರ್ ಮನೆ ಖಾಲಿ ಮಾಡುತ್ತಿದ್ದಾರೆ, ಸೋಮವಾರ ಬೆಳಿಗ್ಗೆ ದೂರದಲ್ಲಿರುವ ತಂಗಿಯ ಮನೆಗೆ ಪ್ರಯಾಣ, ಮತ್ತೆ ಈ ಕಡೆ ಬರುವುದಿಲ್ಲ. ಮೆಕ್ಯಾನಿಕ್ ಊಟವನ್ನೂ ಮಾಡದೆ ಓಡಿದ. ಡ್ರೈವರ್ ಕಟ್ಟಿಟ್ಟ ಟ್ರಂಕಿನ ಮೇಲೆ ಕೂತಿದ್ದರು.

"ಅಣ್ಣ, ಭಾನುವಾರ ಬೆಳಿಗ್ಗೆ ಹಾರಿಸೋಣ. ತಯಾರಾಗಿದೆ."

"ಅಬ್ಬಾ! ಈ ಮೂರು ವರ್ಷದಲ್ಲಿ ಚಂದ್ರನ ಮೇಲೆ ಹೋಗಿ ಬಟ್ಟೆ ಒಗೆದು ಒಣಗಿಸ್ಕೊಂಡು ಬರಬಹುದಿತ್ತು ಕಣಯ್ಯಾ."

"ನಿಮ್ಗೆ... ಕಾಣುತ್ತಾ ಅಣ್ಣ?"

"ಎದುರಿಗಿರೋ ಗೋಡೆನೇ ಕಾಣಲ್ಲ, ವಿಮಾನ ಎಲ್ಲಿ ಕಂಡೀತು? ಆದ್ರೆ ಆ ಎಂಜಿನ್ ಇದೆಯಲ್ಲ, ಅದರ ದನಿ ಸಾಕು ನಂಗೆ. ಎಲ್ಲಿದೆ, ಯಾವ ಕಡೆ ವಾಲ್ತಿದೆ, ಎಲ್ಲ ಹೇಳ್ತೀನಿ ನೋಡ್ತಿರು."

ಮೆಕ್ಯಾನಿಕ್ ಹೂಂಗುಟ್ಟಿ ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದ. ಹೊಸ ಮೋಟಾರು ಸೊಳ್ಳೆಯೂ ನಾಚುವಷ್ಟು ಮೆಲ್ಲಗೆ ತಿರುಗುತ್ತಿತ್ತು. ಅದೇ ಅದರ ಹೆಚ್ಚುಗಾರಿಕೆ ಎಂದು ಅವನು ಊರೆಲ್ಲ ಹೇಳಿಕೊಂಡು ಬಂದಿದ್ದ.

"ಎಂಜಿನ್ ತೆಗೆದೆ ಅಂತ ಹೇಳಿಬಿಡ್ಬೇಕಿತ್ತು," ಎಂದಳು ಹೆಂಡತಿ.

"ಹೇಳೋಕೆ ಬಾಯಿ ಬಂದಿದ್ರೆ ಅಲ್ಲೇ ಹೇಳ್ತಿದ್ದೆ."

ಹಳೆಯ ಎಂಜಿನ್ ಮಂಚದಡಿಯ ಡಬ್ಬದಲ್ಲಿತ್ತು. ಇಂಧನಕ್ಕೆ ಬೆರೆಸುವ ಹರಳೆಣ್ಣೆ ಒಳಗೇ ಒಣಗಿ ಅಂಟಾಗಿ, ಎರಡು ಆನೆ ಕಟ್ಟಿ ಎಳೆದರೂ ತಿರುಗುವಂತಿರಲಿಲ್ಲ. ಬಲ ಹಾಕಿದರೆ ಮುರಿದೀತು, ಕಾಯಿಸಿದರೆ ಸಡಿಲವಾದೀತು. ಶನಿವಾರ ಊಟದ ಬಿಡುವಿನಲ್ಲಿ ಅವನು ಅದನ್ನು ಕಾರ್ಖಾನೆಯ ಇಸ್ತ್ರಿ ಮೇಜಿನ ಮೇಲಿಟ್ಟು, ಬಿಸಿ ಪೆಟ್ಟಿಗೆ ಒರಗಿಸಿದ. ಇಸ್ತ್ರಿಯಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಏನ್ ಮೆಕ್ಯಾನಿಕಣ್ಣ, ಕಬ್ಬಿಣಕ್ಕೂ ಇಸ್ತ್ರಿನಾ?"

"ಸುಕ್ಕು ಬಿಡಿಸ್ಬೇಕಕ್ಕ."

"ಹಾಗಾದ್ರೆ ಮೊದಲು ನಿಮ್ಮ ಮುಖ ಇಡಿ ಇಲ್ಲಿ."

ಅರ್ಧ ಗಂಟೆಗೆ ಎಣ್ಣೆ ಬೆವರಿತು. ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿದ. ಅಲುಗಿತು, ಅರ್ಧ ಸುತ್ತು ತಿರುಗಿತು. ಸಂತೋಷಪಡಲೂ ಅವನಲ್ಲಿ ತ್ರಾಣ ಉಳಿದಿರಲಿಲ್ಲ. ಇಸ್ತ್ರಿಯಕ್ಕನೇ ಅವನ ಪರವಾಗಿ ಚಪ್ಪಾಳೆ ತಟ್ಟಿದಳು.

ಸಂಜೆ ಮನೆಯಲ್ಲಿ ಬಿಚ್ಚುವ ಕೆಲಸ. ಮೋಟಾರು, ಬ್ಯಾಟರಿ, ಸಮ ನಿಲ್ಲಿಸುವ ಯಂತ್ರ, ಸೀಸ, ದಪ್ಪ ಕಡ್ಡಿ, ಒಂದೊಂದಾಗಿ ಹೊರಬಂದವು. ಎಂಜಿನ್ ಮತ್ತೆ ಮೂತಿಯಲ್ಲಿ ಕೂತಿತು, ಎಣ್ಣೆ ಟ್ಯಾಂಕಿಗೆ ಹೊಸ ನಳಿಕೆ ಬಂತು. ರೆಕ್ಕೆಯಡಿ ಎರಡು ಬೆರಳು ಕೊಟ್ಟು ಎತ್ತಿ ನೋಡಿದ. ತಕ್ಕಡಿಯ ಹಾಗೆ ಸಮ ನಿಂತಿತು, ಡ್ರೈವರ್ ಕೊಟ್ಟ ದಿನ ಹೇಗಿತ್ತೋ ಹಾಗೆಯೇ. ಮೂರು ವರ್ಷದ ಸುಧಾರಣೆಯೆಲ್ಲ ಒಂದು ಬಕೆಟ್ಟಿನಲ್ಲಿ ಹಿಡಿಯಿತು. ಹೆಂಡತಿ ಬಕೆಟ್ಟು ನೋಡಿ ಏನೋ ಹೇಳಹೊರಟವಳು, ಅವನ ಮುಖ ನೋಡಿ ಟೀ ತಂದುಕೊಟ್ಟಳು.

ಭಾನುವಾರ ಬೆಳಿಗ್ಗೆ ಮೈದಾನದಲ್ಲಿ ಇಬ್ಬರೇ. ಡ್ರೈವರ್ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ತಲೆ ಓರೆ ಮಾಡಿದರು. ಎಂಜಿನ್ ಎರಡು ಸಲ ಕೆಮ್ಮಿ, ಮೂರನೆಯದಕ್ಕೆ ಕಿರುಚಿತು.

"ಎಣ್ಣೆ ಜಾಸ್ತಿ ಕುಡೀತಿದೆ. ಸ್ಕ್ರೂ ಬಿಗಿ ಮಾಡು... ಇನ್ನೊಂಚೂರು... ಸಾಕು, ಸಾಕಯ್ಯಾ!"

ವಿಮಾನ ಹುಲ್ಲಿನ ಮೇಲೆ ಕುಪ್ಪಳಿಸುತ್ತ ಓಡಿ ಎದ್ದಿತು. ಡ್ರೈವರ್ ಮುಖ ಅದರ ಹಿಂದೆಯೇ ತಿರುಗಿತು.

"ಎಡಕ್ಕೆ ಹೊರಳಿಸ್ದೆ. ಈಗ ಏರಿಸ್ತಿದೀಯ. ಅಷ್ಟು ಕಡಿದಾಗಿ ಬೇಡ, ಅದಕ್ಕೆ ದಮ್ಮು ಕಟ್ಟುತ್ತೆ. ಹಾಂ, ಈಗ ನನ್ನ ತಲೆ ಮೇಲೆ ಬಂತು."

ಒಂದೂ ತಪ್ಪಲಿಲ್ಲ. ಟ್ಯಾಂಕಿನ ಎಣ್ಣೆ ಮುಗಿಯುತ್ತ ಬಂದಿದ್ದು ಮೆಕ್ಯಾನಿಕ್ಕಿಗೆ ಗೊತ್ತಿತ್ತು. ಇಳಿಸಬೇಕಿತ್ತು. ಆ ಮುಖ ನೋಡುತ್ತ ಇನ್ನೊಂದು ಸುತ್ತು, ಮತ್ತೊಂದು ಸುತ್ತು ಹಾಕಿಸಿದ. ಮೈದಾನದ ಆಚೆ ತುದಿಯಲ್ಲಿ ಸದ್ದು ಒಮ್ಮೆಲೇ ನಿಂತಿತು.

ಡ್ರೈವರ್ ಸ್ಟೂಲಿನಿಂದ ಎದ್ದರು. "ಬಿತ್ತಾ?"

"ಇಲ್ಲ ಅಣ್ಣ. ತೇಲ್ತಾ ಇದೆ."

"ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡ."

"ಸುಳ್ಳಲ್ಲ. ನಮ್ಮ ಕಡೆ ತಿರುಗಿಸ್ದೆ." ಅವನ ಬೆರಳು ರಿಮೋಟಿನ ಕಡ್ಡಿಯನ್ನು ಮೆಲ್ಲಗೆ ಎಳೆಯುತ್ತಿತ್ತು. "ಲೈಟ್ ಕಂಬದ ಎತ್ತರ. ಗಾಳಿ ಎದುರಿಗಿದೆ. ಮನೆ ಎತ್ತರ... ಎರಡಾಳು... ಒಂದಾಳು... ಮೂತಿ ಎತ್ತಿದೆ..."

ಹುಲ್ಲು ಸರಕ್ಕೆಂದಿತು. ಆಮೇಲೆ ಟಪ್ ಎಂದು ಸಣ್ಣ ಸದ್ದು.

"ಕೇಳಿಸ್ತು," ಎಂದು ಡ್ರೈವರ್ ಉಸಿರು ಬಿಟ್ಟು ಕೂತರು. "ಏನು ಮುರೀತು?"

"ಒಂದು ಗಾಲಿ."

"ಹೋಗಿ ನೋಡಲ್ವಾ?"

"ಇರಲಿ ಬಿಡಿ ಅಣ್ಣ, ಅದೇನು ಓಡಿಹೋಗಲ್ಲ," ಎಂದ ಮೆಕ್ಯಾನಿಕ್. ರಿಮೋಟನ್ನು ಪಕ್ಕಕ್ಕಿಟ್ಟು, ಸ್ಟೂಲಿನ ಕಾಲಿಗೆ ಬೆನ್ನು ಒರಗಿಸಿ ಹುಲ್ಲಿನ ಮೇಲೆ ಕೂತವನು, ಡ್ರೈವರ್ ಮುಂದಿನ ಮಾತು ಆಡುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದ. ಅವನ ತಲೆ ಜಾರದಂತೆ ಡ್ರೈವರ್ ತಮ್ಮ ಮೊಣಕಾಲನ್ನು ಆ ಕಡೆಗೆ ಸರಿಸಿಕೊಟ್ಟರು.