ಕುದುರೆಯ ಹೊಟ್ಟೆಯಲ್ಲಿದ್ದದ್ದು

ಹಸು ಗಬ್ಬವಾಗಿದೆಯೋ ಇಲ್ಲವೋ ಎಂದು ತಿಳಿಯಲು ನಮ್ಮೂರಿನವರು ಮೊದಲು ಕರೆಯುತ್ತಿದ್ದುದು ನಮ್ಮತ್ತೆಯನ್ನು, ಆಮೇಲೆ ಡಾಕ್ಟರನ್ನು. ಅತ್ತೆ ಹೊಟ್ಟೆಯ ಪಕ್ಕಕ್ಕೆ ಅಂಗೈ ಒತ್ತಿ, ಕಣ್ಣು ಮುಚ್ಚಿ ಒಂದು ಮಾತು ಹೇಳುತ್ತಿದ್ದರು. ಅದು ತಪ್ಪಿದ್ದನ್ನು ನಾನು ಕಂಡಿರಲಿಲ್ಲ. ಮದುವೆಯಾಗಿ ಕ್ಯಾಸಂಬಳ್ಳಿ ಪಕ್ಕದ ಈ ಹಳ್ಳಿಗೆ ಬಂದಾಗಿನಿಂದ, ಈ ಹೆಂಗಸು ಒಂದು ಸಲವಾದರೂ ತಪ್ಪಲಿ ಎಂದು ಕಾಯುತ್ತಿದ್ದವಳು ನಾನು. ಸಾರಿನ ಉಪ್ಪಿನಲ್ಲೂ ಅವರದೇ ಗೆಲುವು.

ಹಸುಗಳ ಜೊತೆಗೆ ನಮ್ಮ ಕೊಟ್ಟಿಗೆಯಲ್ಲಿ ಒಂದು ಬಿಳಿ ಹೆಣ್ಣು ಕುದುರೆಯೂ ಇತ್ತು. ಊರಿಗಾಂ, ಬಂಗಾರಪೇಟೆ ಕಡೆಯ ಮದುವೆ ಮೆರವಣಿಗೆಗಳಿಗೆ ನಮ್ಮ ಯಜಮಾನರು ಅದನ್ನು ಬಾಡಿಗೆಗೆ ಒಯ್ಯುತ್ತಿದ್ದರು. ತೀರಿಹೋದ ಮಾವ ಬಂಗಾರಪೇಟೆ ಸ್ಟೇಷನ್ನಿನ ಮುಂದೆ ಜಟಕಾ ಓಡಿಸಿದವರು. ಕುದುರೆ ಇಲ್ಲದ ಮನೆ ಅತ್ತೆಗೆ ಮನೆಯೇ ಅಲ್ಲ. ಇದಕ್ಕೂ ವಯಸ್ಸಾಗುತ್ತಾ ಬಂದಿತ್ತು. ಇದು ಹೋಗುವುದರೊಳಗೆ ಇದರದ್ದೇ ಒಂದು ಮರಿ ಬೇಕೆಂದು ಹಟ ಹಿಡಿದು, ಕುಪ್ಪಂ ಕಡೆಯ ಗಂಡು ಕುದುರೆಯ ಹತ್ತಿರ ಬಿಟ್ಟು ತರಿಸಿದರು.

ಕೆಲವು ತಿಂಗಳಿಗೆ ಹೊಟ್ಟೆ ದುಂಡಗಾಗಿ ಕೆಳಗೆ ಜೋತುಬಿತ್ತು. ಅತ್ತೆ ಅಂಗೈ ಒತ್ತಿದರು.

"ಆಡ್ತೈತೆ ಕಣಮ್ಮಿ," ಎಂದರು. ನನ್ನ ಮಗ ಹುಟ್ಟಿದಾಗಲೂ ಆ ಮುಖ ಅಷ್ಟು ಅರಳಿರಲಿಲ್ಲ.

ಅಂದಿನಿಂದ ಕುದುರೆಗೆ ಹೊತ್ತು ಹೊತ್ತಿಗೆ ಬೇಯಿಸಿದ ಹುರುಳಿ, ಬೆಲ್ಲ, ಕೊಟ್ಟಿಗೆ ಹಿಂದಿನ ಸೀಮೆಹುಲ್ಲು. ಹೊಟ್ಟೆ ಬೆಳೆಯಿತು, ಆದರೆ ಪಕ್ಕೆಲುಬು ಎಣಿಸುವ ಹಾಗೆ ಕಂಡವು. ಬೇಸಿಗೆ ಬಂದರೂ ಮೈಮೇಲಿನ ಒರಟು ಕೂದಲು ಉದುರಲಿಲ್ಲ. ಯಜಮಾನರು ಅನುಮಾನದಿಂದ ಜಂತುಹುಳದ ಔಷಧಿ ತಂದರೆ ಅತ್ತೆ ಕೈಯಿಂದ ಕಿತ್ತುಕೊಂಡರು.

"ಗಬ್ಬದ ಪ್ರಾಣಿಗೆ ಉಳದ ಔಸ್ದಿ ಆಕಿದ್ರೆ ಕಂದು ಆಕ್ಬಿಡ್ತೈತೆ. ಕೂಸು ತಾಯಿ ಮೈ ತಿಂತೈತೆ, ಅದುಕ್ಕೇ ಸೊರಗೈತೆ. ಅಷ್ಟೂ ಗೊತ್ತಾಗಾಕಿಲ್ವೇನ್ಲಾ?"

ಗಬ್ಬದ ಹಸುವಿಗೆ ಆ ಔಷಧಿ ಹಾಕಬಾರದು ಎಂದೇ ನಾವೆಲ್ಲ ನಂಬಿದ್ದೆವು.

ಒಂದು ಬೆಳಿಗ್ಗೆ ಕುದುರೆ ಮಲಗುವುದು, ಏಳುವುದು, ಕತ್ತು ತಿರುಗಿಸಿ ಹೊಟ್ಟೆ ನೋಡಿಕೊಳ್ಳುವುದು ಶುರುವಾಯಿತು. ಮೈಯೆಲ್ಲ ಬೆವರು. "ಈಯ್ತೈತೆ," ಎಂದು ಅತ್ತೆ ರಾಗಿಹುಲ್ಲು ಹಾಸಿ, ಯಾರ ಕಣ್ಣೂ ಬೀಳದಿರಲೆಂದು ಕೊಟ್ಟಿಗೆಗೆ ತಮ್ಮ ಹಳೆ ಸೀರೆ ಕಟ್ಟಿ ಕಾದು ಕೂತರು. ಬಿಸಿಲೇರಿದರೂ ಏನೂ ಆಗಲಿಲ್ಲ. ಯಜಮಾನರು ತಡೆಯದೆ ಬಂಗಾರಪೇಟೆಯ ಪಶು ಆಸ್ಪತ್ರೆಗೆ ಫೋನ್ ಮಾಡಿದರು.

ಸ್ಕೂಟರಿನಲ್ಲಿ ಬಂದ ಡಾಕ್ಟರು ಚಿಕ್ಕ ಹುಡುಗಿ. ಕುದುರೆಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. ಒಳಗೆ ರಕ್ತವೇ ಇಲ್ಲದ ಹಾಗೆ ಬಿಳಿಚಿತ್ತು. ಉದ್ದ ಗ್ಲೌಸು ಹಾಕಿ ಒಳಗೆ ಕೈಯಾಡಿಸಿ, ತಲೆಯಲ್ಲಾಡಿಸಿದಳು.

"ಗಬ್ಬ ಇಲ್ಲಮ್ಮ. ಮರಿ ಇಲ್ಲ."

"ನೀನಿನ್ನೂ ಸಣ್ಣೋಳು ತಾಯಿ. ಸರ್ಯಾಗಿ ನೋಡು," ಎಂದು ಅತ್ತೆ ನಕ್ಕರು.

ಅವಳು ನೋವಿಗೆ ಇಂಜೆಕ್ಷನ್ ಚುಚ್ಚಿ, ಕೈಗೆ ಬಂದಿದ್ದ ಲದ್ದಿಯನ್ನು ಕವರಿಗೆ ಹಾಕಿಕೊಂಡು, ಜಂತುಹುಳವೇ ಇರಬೇಕು, ಪರೀಕ್ಷೆ ಮಾಡಿ ಔಷಧಿ ಕೊಡುತ್ತೇನೆ, ಯಾರಾದರೂ ಬನ್ನಿ ಎಂದಳು. ಅತ್ತೆಯೇ ಎದ್ದರು. ಅವರೊಬ್ಬರನ್ನೇ ಕಳಿಸಲಾರದೆ ನಾನೂ ಬಸ್ಸು ಹತ್ತಿದೆ.

ಆಸ್ಪತ್ರೆಯಲ್ಲಿ ಅವಳು ಲದ್ದಿಯನ್ನು ಉಪ್ಪುನೀರಿನಲ್ಲಿ ಕದಡಿ, ಟೀ ಸೋಸುವ ಜಾಲರಿಯಲ್ಲಿ ಸೋಸಿ, ಸಣ್ಣ ಸೀಸೆಗೆ ಅಂಚಿನವರೆಗೂ ತುಂಬಿ, ಮೇಲೊಂದು ಗಾಜಿನ ಚೂರು ಮುಚ್ಚಿದಳು. ಹುಳದ ಮೊಟ್ಟೆ ಹಗುರ, ತೇಲಿ ಗಾಜಿಗೆ ಅಂಟಿಕೊಳ್ಳುತ್ತದಂತೆ. ಸ್ವಲ್ಪ ಹೊತ್ತು ಬಿಟ್ಟು ಸೂಕ್ಷ್ಮದರ್ಶಕದಲ್ಲಿ ತಾನು ನೋಡಿ ನಮಗೂ ತೋರಿಸಿದಳು. ಬೆಂದ ಸಬ್ಬಕ್ಕಿಯ ಹಾಗಿದ್ದವು, ಕಣ್ಣು ಹೋದಲ್ಲೆಲ್ಲ ಅವೇ. ದೊಡ್ಡ ಹುಳ ಕರುಳಿನಲ್ಲಿ ರಕ್ತ ಹೀರುತ್ತವೆ, ಮರಿಹುಳ ರಕ್ತನಾಳದೊಳಗೇ ಓಡಾಡಿ ಕರುಳಿಗೆ ರಕ್ತ ಹೋಗದ ಹಾಗೆ ಮಾಡುತ್ತವೆ, ಈ ನೋವು ಅದರದ್ದೇ ಇರಬೇಕು ಎಂದಳು. ಲದ್ದಿ ಎಲ್ಲಿಗೆ ಹಾಕುತ್ತೀರಿ ಎಂದು ಕೇಳಿದಳು. ಸೀಮೆಹುಲ್ಲಿಗೆ ಎಂದೆ. ಅದೇ ಹುಲ್ಲಿನಿಂದ ತಿರುಗಿ ಹೊಟ್ಟೆಗೆ ಹೋಗಿವೆ ಎಂದಳು.

ಅತ್ತೆ ಬಹಳ ಹೊತ್ತು ಬಗ್ಗಿ ನೋಡಿದರು.

"ಇವುಕ್ಕಾ ನಾನು ಉರುಳಿ ಬೇಯ್ಸಿ ಆಕಿದ್ದು?"

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲ ಬಂದಿತ್ತು. ಆದರೆ ಇಂಥ ಗೆಲುವು ನನಗೆ ಬೇಡವಾಗಿತ್ತು.

ಡಾಕ್ಟರು ಔಷಧಿ ತೆಗೆದು ಮೇಜಿನ ಮೇಲಿಡುವಷ್ಟರಲ್ಲಿ ಯಜಮಾನರ ಫೋನ್ ಬಂತು.

"ಓಗ್ಬಿಡ್ತು ಕಣೆ. ಅಮ್ಮುಂಗೆ ನಿಧಾನುಕ್ಕೆ ಹೇಳು."

ನಿಧಾನಕ್ಕೆ ಹೇಳುವುದೇನು ಬಂತು, ನನ್ನ ಮುಖ ನೋಡಿಯೇ ಅವರಿಗೆ ತಿಳಿದುಹೋಯಿತು. ಮೇಜಿನ ಮೇಲಿದ್ದ ಔಷಧಿಯನ್ನು ನೋಡುತ್ತಾ ಕೇಳಿದರು.

"ಡಾಕ್ಟ್ರಮ್ಮ, ಗಬ್ಬ ಇದ್ದಿದ್ರೂ ಇದು ಆಕ್ಬೋದಿತ್ತಾ?"

"ಹಾಕಬಹುದಿತ್ತಮ್ಮ. ಗಬ್ಬದ ಕುದುರೆಗೂ ಕೊಡೋ ಔಷಧಿನೇ ಇದು."

"ಆವಾಗ್ಲೇ ಆಕಿದ್ರೆ ಬದುಕ್ತಿತ್ತಾ?"

ಇಲ್ಲ ಎಂದು ಒಂದು ಸುಳ್ಳು ಹೇಳು ಮಾರಾಯ್ತಿ ಎಂದು ನಾನು ಕಣ್ಣಿನಲ್ಲೇ ಬೇಡಿಕೊಂಡೆ. ಆ ಹುಡುಗಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ಬದುಕ್ತಿತ್ತೇನೋ ಅಮ್ಮ," ಎಂದಳು.

ಅತ್ತೆ ಸರಿ ಎನ್ನುವಂತೆ ತಲೆಯಾಡಿಸಿ ಎದ್ದು ಹೊರಗೆ ನಡೆದರು. ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಯನ್ನು ದಾಟಿಕೊಂಡು, ಬರಿಗಾಲಲ್ಲಿ, ಸುಡುವ ರಸ್ತೆಗೆ ಇಳಿದೇಬಿಟ್ಟರು. ಕೂಗಿದರೂ ತಿರುಗಲಿಲ್ಲ. ಅಷ್ಟು ವರ್ಷದಲ್ಲಿ ಅವರ ಚಪ್ಪಲಿಯನ್ನು ಕಾಲಲ್ಲಿ ಕೂಡ ಸರಿಸಿಟ್ಟವಳಲ್ಲ ನಾನು. ಅವೆರಡನ್ನೂ ಕೈಯಲ್ಲಿ ಹಿಡಿದುಕೊಂಡು ಅವರ ಹಿಂದೆ ಓಡಿದೆ.